ಎರಡು ಫೂಟು

ಗುಳೇದಗುಡ್ಡದ ಬಜಾರದಾಗ, ಖಣದ ಅಂಗಡಿ ಸಾಲು ಮುಗಿಯೋ ಕಡೆ
ನಂದೊಂದು ಡಬ್ಬಿಯಂಥ ಅಂಗಡಿ.
ಸುಟ್ಟ ಮಿಕ್ಸರು, ಮೂಕ ರೇಡಿಯೋ, ತಿರುಗಲಾರದ ಪಂಖಾ,
ಈಗೀಗ ಈ ಕರೀ ಗಾಜಿನ ಒಲಿಗಳೇ ಹೆಚ್ಚು.

ಹೊಟ್ಟಿ ಬಿಚ್ಚಿದರ ಸಾಕು, ಮನಿ ಗೊತ್ತಾಗತೈತಿ.
ಒಂದರಾಗ ಚಹಾ ಇಳದು ಬೋರ್ಡೆಲ್ಲ ಜಿಗಿಜಿಗಿ.
ಒಂದರ ಪಂಖಾಕ್ಕ ಮಗ್ಗದ ಮನಿ ಎಳಿ ಸುತ್ತಿ,
ಕೆಂಪು, ಹಳದಿ, ನಡುವ ಒಂದು ಜರಿ,
ಉಸಿರುಗಟ್ಟಿ ಸತ್ತದ್ದು.
ಇನ್ನೊಂದರಾಗ ಜಿರಳಿ ಸಂಸಾರ ಹೂಡಿತ್ತು, ಬೆಚ್ಚಗ.

"ಗ್ವಾಡಿಗೆ ಒತ್ತಿ ಇಡಬ್ಯಾಡ್ರಿ, ಅದಕ್ಕ ಹಿಂದಿನಿಂದ ಗಾಳಿ ಬೇಕು"
ಅಂತೀನಿ. ಹೂಂ ಅಂತಾರ.
ಮುಂದಿನ ತಿಂಗಳ ಅದೇ ಒಲಿ
ಬೆನ್ನಿಗೆ ಅದೇ ಗ್ವಾಡಿ ಸುಣ್ಣ ಬಳಕೊಂಡು ಬರತೈತಿ.

ನೀಲಗಂಗವ್ವ ಒಲಿ ತರದನ ಬಂದ್ಲು.
ಎಡಗಡೆ ಸೆರಗಿನ ಮ್ಯಾಲ ಬೆರಳಿಟ್ಟು ಅಂದ್ಲು:
"ಇಲ್ಲೊಂದು ಮಷೀನ ಕೂಡಿಸ್ಯಾರ, ಕಡ್ಡಿಪೆಟಗಿಯಷ್ಟು.
ಸಂಘದ ಚೀಟಿ ಎತ್ತಿದಾಗ ನನ್ನ ಹೆಸರಿಗೆ ಈ ಒಲಿ ಬಂತು.
ಇದಕ್ಕೂ ಅದಕ್ಕೂ ಜಗಳ ಹತ್ತತೈತೇನು?"

ನನಗ ಗೊತ್ತಿರೋದು ಕಾಯಿಲು, ಫ್ಯೂಜು.
ಎದಿ ಗೊತ್ತಿಲ್ಲ.
"ಮೊದಲ ಡಾಕ್ಟರ್‌ನ ಕೇಳವ್ವ."
"ಕೇಳೇ ಬಂದೀನಿ. ನಿನಗ ಎರಡು ಫೂಟು ದೂರ ಇರಲಿ ಅಂದ.
ಅಷ್ಟು ದೂರದಿಂದ ಒಗ್ಗರಣಿ ಹ್ಯಾಂಗ ಹಾಕಲೋ ತಮ್ಮಾ,
ಗುರಿ ಇಟ್ಟು ಒಗೀಲೇನು?"

ಐತಾರ ಅವರ ಮನಿಗೆ ಹೋದೆ.
ಟೇಪು, ಟೆಸ್ಟರು, ಸ್ಪೀಕರಿನಿಂದ ಕಿತ್ತ ಒಂದು ಆಯಸ್ಕಾಂತ.
ಅಲ್ಯುಮಿನಿ ಬೋಗಾಣಿಗೆ ಹಚ್ಚಿದೆ, ಜಾರಿತು.
ತವರುಮನಿ ಹಿತ್ತಾಳಿ ತಪ್ಪೇಲಿಗೆ ಹಚ್ಚಿದೆ, ಜಾರಿತು.
ಆಕೀ ಮಾರಿ ಸಣ್ಣದಾತು.
ರೊಟ್ಟಿ ಹಂಚಿಗೆ ಟಪ್ಪನ ಹತ್ತಿತು ಖರೆ,
ಮೂವತ್ತು ವರ್ಷದ ಉರಿಗೆ ತಳ ಉಬ್ಬಿದ ಹಂಚು
ಸಪಾಟು ಗಾಜಿನ ಮ್ಯಾಲ ಕೂಡಲೇ ಇಲ್ಲ,
ತೊಟ್ಟಲಿನಂಗ ತೂಗಿತು.
ಕಡೀಕ ಒಂದು ಸ್ಟೀಲ್ ಪಾತೇಲಿ ಒಪ್ಪಿಕೊಂಡಿತು.

ಪ್ಲಗ್ಗು ನೋಡಿದರ ಮಗ್ಗದ ಮ್ಯಾಲಿನ ಬಲ್ಬಿನ ಸಾಲಿಗೆ!
ಹತ್ತು ನಿಮಿಷಕ್ಕ ವೈರಿಗೆ ಜ್ವರ ಬಂದಿತ್ತು.
ಹದಿನಾರು ಆಂಪಿಯರಿನ ಬ್ಯಾರೆ ಪಾಯಿಂಟು ಎಳದು,
ಅರ್ಥಿಂಗ್ ಕೊಟ್ಟು,
ಶಹಾಬಾದ್ ಕಲ್ಲಿನ ನೆಲದ ಮ್ಯಾಲ
ಒಲಿಯಿಂದ ಅಳದು ಬಳಪದ ಗೆರಿ ಎಳದೆ.
"ಗೆರಿ ಈ ಕಡೆ ನೀ. ಆ ಕಡೆ ಒಲಿ."

ಆ ಕಡೆ ಯಾರು?
ಇದನ್ನ ಯಾರೂ ಕೇಳಲಿಲ್ಲ.
ಕುಣಿಮಗ್ಗದಾಗ ಕುಂತು ಅಷ್ಟೂ ಹೊತ್ತು
ನಮ್ಮ ಕಡೆ ತಿರುಗಿ ನೋಡಿರದ ಶಿವಪುತ್ರಪ್ಪನ
ಲಾಳಿ ನಿಂತಿತು.
ಎದ್ದ. ಧೋತರಕ್ಕ ಕೈ ಒರಸಿಕೊಂಡ.
ಗೆರಿ ದಾಟಿ ನಿಂತ,
ಪರೀಕ್ಷಾಕ್ಕ ಬಂದ ಹುಡುಗನಂಗ.

"ಕೈ ಒಣಗಿರಲಿ," ಅಂದೆ.
"ಖಾಲಿ ಪಾತೇಲಿ ಇಟ್ಟು ಮಗ್ಗಕ್ಕ ಹೋಗಬ್ಯಾಡ್ರಿ.
ಸೌಟು, ಚಮಚಾ ಗಾಜಿನ ಮ್ಯಾಲ ಬಿಡಬ್ಯಾಡ್ರಿ."
ಆತ ನೀರು ಕಾಸಿದ, ಇಳಿಸಿದ, ಬಟನ್ ಆರಿಸಿದ,
ಆರಿತಲ್ಲ ಅಂತ ಅಂಗೈ ಊರಿದ.

"ಅಬ್ಬಬಾ!"

"ಉರಿ ಕಾಣಲಿಲ್ಲಂದ್ರ ಬಿಸಿ ಇಲ್ಲಂತೇನು?"
ಗೆರಿ ಈ ಕಡೆಯಿಂದ ನೀಲಗಂಗವ್ವ ನಕ್ಕಳು.
"ಇಷ್ಟು ವರ್ಷ ನನ್ನ ಕೂಡ ಬಾಳೇ ಮಾಡೀದಿ,
ಇಷ್ಟೂ ತಿಳೀಲಿಲ್ಲೇನು ನಿನಗ?"
ನಕ್ಕೋತನ ಕೈ ಹಿಡಿಯಾಕ ಹೆಜ್ಜಿ ಎತ್ತಿದವಳು
ಗೆರಿ ನೋಡಿ ನಿಂತ್ಲು.
ಆತನೇ ಈ ಕಡೆ ಬಂದ, ಕೈ ಚಾಚಿ.
ನಾ ಸುಮ್ಮನ ನನ್ನ ಸ್ಕ್ರೂ ಆರಿಸಿಕೋತ ಕುಂತೆ.

ದೀಪಾವಳಿ ಮುಂದ ಆ ಒಲಿ ಅಂಗಡಿಗೆ ಬಂತು,
ಗರ್ ಅಂತ ಸಪ್ಪಳ ಮಾಡತೈತಿ ಅಂತ.
ಬಿಚ್ಚಿದೆ.
ಎಳಿ ಇಲ್ಲ, ಜಿರಳಿ ಇಲ್ಲ, ಚಹಾದ ಕಲಿ ಇಲ್ಲ,
ಬೆನ್ನಿಗೆ ಸುಣ್ಣ ಸುದ್ದಾ ಹತ್ತಿರಲಿಲ್ಲ.

ಪಂಖಾದ ಬುಡಕ್ಕ ಏಳೆಂಟು ಸಾಸಿವಿ ಕಾಳು.

ದೂರದಿಂದ ಒಗದಂಥವು.