ಗೇಟು ಮುಚ್ಚುವ ಹೊತ್ತು

ಕನಕಗಿರಿ ರಸ್ತೆಯ ಟ್ರೀ ಪಾರ್ಕು, ಸಂಜೆ ಆರು.
ಹರಿದ ಟಿಕೆಟ್ಟು ನಲವತ್ತಮೂರು,
ಹೊರಗೆ ಬಂದವರು ನಲವತ್ತೆರಡು.

ಸೀಟಿ ಊದುತ್ತ ಹೊರಟೆ.
ಸಿಮೆಂಟಿನ ಜಿಂಕೆ, ಜೋಕಾಲಿ,
ಚಿಪ್ಸಿನ ಕವರು ಕಚ್ಚಿಕೊಂಡ ಜಾಲಿಮುಳ್ಳು,
ಯಾರೂ ಇಲ್ಲ.

ಕಮರದ ಬುಡಕ್ಕೆ ಮಾಳಮ್ಮ.
ನಾವು ತಂತಿ ಎಳೆದ ವರ್ಷ
ಆಡು ಮಾರಿದವಳು.
ನಾನೇ ಬರೆದ ಬೋರ್ಡಿಗೆ ಬೆನ್ನು ಕೊಟ್ಟು ಕೂತಿದ್ದಾಳೆ:
'ಮೇಯಿಸುವುದು ನಿಷೇಧ'.

"ಟೈಮಾತಬೇ ಯವ್ವಾ."
"ಇಪ್ಪತ್ತು ರೂಪಾಯಿ ಕೊಟ್ಟೀನಿ, ತಡಿಯೋ.
ಈ ಗುಂಡಿನ ಹಿಂದ ಬ್ಯಾಸಗ್ಯಾಗೂ ನೀರು ನಿಂದರತಿತ್ತು,
ನಿಮ್ಮ ಸಾಹೇಬಗ ಗೊತ್ತೈತೇನು?"

ಗೊತ್ತಿಲ್ಲ.
ನನಗೂ.

ಎದ್ದಳು. ಎರಡು ಹೆಜ್ಜೆ ಇಟ್ಟು
ಬಂಡೆಯತ್ತ ತಿರುಗಿ ನಾಲಿಗೆ ಲೊಚಗುಟ್ಟಿದಳು,
ಯಾವುದೋ ಒಂದು ಹಿಂದುಳಿದಂತೆ.

ನಾನೂ ನಿಂತೆ,
ಸೀಟಿ ಜೇಬಿನಲ್ಲಿ.
ರಿಜಿಸ್ಟರಿನಲ್ಲಿ ಮಾತ್ರ
ಆರಕ್ಕೇ ಬೀಗ.