ನೆರಳು ಬಂದ್

ಕಪನೂರಿನ ದಾಲ್ ಮಿಲ್ಲಿನಾಗ
ನನ್ನ ಕಂಪ್ಯೂಟರು ಎಮ್ಮಿಯಂಗ ಮೆಲಕು ಹಾಕತದ.
ತೌಸೀಫ ಬಂದ, ಕುರ್ಚಿ ಎಳಕೊಂಡ, ಸೆಟ್ಟಿಂಗಿನೊಳಗ ಇಳದ.
ಕಿಟಕಿ ಜಾರಿ ಬರೂದು, ಬಂದ್.
ಅಕ್ಷರದ ನುಣುಪು, ಬಂದ್.
ಕಿಟಕಿ ಕೆಳಗಿನ ನೆರಳು, ಅದೂ ಬಂದ್.
"ಈಗ ನೋಡ್ರಿ ಮೇಡಂ, ಕುದುರಿ!"

ನಾ ಗೋಡಿ ಗಡಿಯಾರ ನೋಡಿದೆ.
ತೊಗರಿ ಬಿಲ್ಲು ಒಂದು ತೆಗಿಲಿಕ್ಕ
ನಿನ್ನಿ ನಲವತ್ತೊಂದು ಸೆಕೆಂಡು.
ಇವತ್ತ ನಲವತ್ತು.
ಆ ಒಂದು ಸೆಕೆಂಡೂ
ನಾ ರೆಪ್ಪಿ ಬಡದದ್ದೇನೋ.
ಆದರೂ "ಹೌದಲ್ಲ, ಫಾಸ್ಟ್ ಆಗ್ಯದ" ಅಂದೆ.
ಮುನ್ನೂರು ರೂಪಾಯಿ ಕೊಟ್ಟಮ್ಯಾಲ
ಹಂಗೇ ಕಾಣತದ.

ಸಂಜೀಕ ಹಮಾಲ ಲಾಡ್ಲಪ್ಪ
ಬೀಡಿ ಆರಿಸಿ ಒಳಗ ಬಂದ,
ಡಬ್ಬಿ ಬೆನ್ನ ಫ್ಯಾನಿಗೆ ಬಾಯಿ ಹಚ್ಚಿ
ಚೀಲ ಊದಿಧಾಂಗ ಊದಿದ.
ಒಂದು ಬೊಗಸಿ ತೊಗರಿ ಹೊಟ್ಟು!
ಮೂವತ್ತಾರು.
ಮತ್ತೊಮ್ಮೆ ನೋಡಿದೆ, ಮೂವತ್ತಾರೇ.
ಅವಾ ಏನೂ ಕೇಳಲಿಲ್ಲ, ಚಹಾ ಸುದ್ದಾ.

ತೌಸೀಫ ಮಾಡಿದ್ದೆಲ್ಲ ಹಂಗೇ ಬಿಟ್ಟೀನಿ.
ನೆರಳೊಂದು ತಿರುಗಿ ಹಚ್ಚಿದೆ.
ಹೊರಗ ನಲವತ್ಮೂರು ಡಿಗ್ರಿ.
ಈ ಊರಾಗ
ಇದ್ದ ನೆರಳು ಯಾರರ ತೆಗಿತಾರೇನು?