ಹುಟ್ಟಿನ ಅಳತೆ

ನಮ್ಮ ಹೊಲಕ್ಕ ಉತಾರ ಇರಲಿಲ್ಲ.
ವರ್ಷದ ಏಳು ತಿಂಗಳು ಅದು ನೀರಿನ ತಳದಾಗ.
ಸಂಕ್ರಮಣ ದಾಟಿ ಹೊಳಿ ತನ್ನ ಮೈ
ಆಚಿ ದಂಡಿಗೆ ಎಳಕೊಂಡ ಮ್ಯಾಲೆ
ಬೆಳ್ಳಗ ಬಿದ್ದಿರೂದು ಉಸುಕು,
ಯಾರ ಹೆಸರೂ ಬರೀದ ಪಾಟಿ.

ಉಸುಕಿನಕೊಪ್ಪದ ಹದಿನೇಳು ಮನಿ ಅಂಬಿಗರು
ಅವತ್ತು ಸರಪಳಿ ತರತಿರಲಿಲ್ಲ, ತಲಾಠಿನ್ನ ಕರೀತಿರಲಿಲ್ಲ.
ಹಿರ್ಯಾ ಯಮನಪ್ಪ ಹರಗೋಲಿನಿಂದ ಹುಟ್ಟು ಇಳಿಸಿ
ಉಸುಕಿನ ಮ್ಯಾಲೆ ಮಲಗಿಸಿ, ಎತ್ತಿ, ಮಲಗಿಸಿ ನಡಿಯಾಂವ:
ಮನಿಗೆ ಹನ್ನೆರಡು ಹುಟ್ಟು ಅಗಲ.
ಗಂಡನ್ನ ಹೊಳಿ ಒಯ್ದ ಹೆಣ್ಣುಮಗಳಿಗೆ
ನೀರಿನ ಬಾಜೂದು, ಮೊದಲ ಪಾಲು.
ತಕರಾರು ಬಂದರ
“ಆಷಾಢದಾಗ ಆಕೀನ ಅಳಸ್ತಾಳ, ಬಿಡ್ರಿ” ಅಂತಿದ್ದ.

ಮೊಳಕೈ ಮಟ ತೋಡಿದರ ತಣ್ಣಗ ಹಸಿ ಹತ್ತೂದು.
ಆ ಕುಣಿಗೆ ಒಂದ ಹಿಡಿ ಕುರಿಹಿಕ್ಕಿ, ಮೂರ ಬೀಜ,
ಗಾಳಿಗೆ ಆಪಿನ ತಟ್ಟಿ.
ಬೀಳಗಿ ಸಂತ್ಯಾಗ ಅದಕ್ಕ ಅಂಬಿಗರ ಸವತಿ ಅನ್ನೋರು,
ನಾವು ಬರೇ ಹೊಳಿಸವತಿ.
ಮಾಸಲು ಬಿಳಿ ಮೈ, ಅದರ ಮ್ಯಾಲೆ ಹಸರ ಗೆರಿ,
ಜನ್ಮೆಲ್ಲ ನೀರಾಗ ನಿಂತ ಅಜ್ಜನ ಮೀನಖಂಡದ ನರದಂಗ.
ತುದಿ ಕಹಿ.
ತುದಿ ಕೊರದು ಹೊಳಿಗೆ ಒಗೀಬೇಕು,
ಉಳಿದದ್ದು ನಮಗ. ಅದು ಕರಾರು.

ಪಂಚನಾಮೆಕ್ಕ ಬಂದವರು ಶ್ರಾವಣದಾಗ ಬಂದರು.
ಕಂಬ ಬರಕೊಂಡರು, ತೊಲಿ, ಬಾಗಲಾ,
ಹಿತ್ತಲದಾಗ ಬೇವು ಒಂದು, ನುಗ್ಗಿ ಎರಡು.
“ಹೊಲ?” ಅಂದರು.
ಅಜ್ಜಿ ತುಳಜವ್ವ ಹೊಳಿ ಕಡೆ ಕೈ ಮಾಡಿದಳು.
ಅಲ್ಲಿ ನೀರು. ಕೆಂಪ ನೀರು, ದಂಡಿಯಿಂದ ದಂಡಿಗೆ.
ಅವರು ಒಬ್ಬರ ಮಾರಿ ಒಬ್ಬರು ನೋಡಿ
ಕಾಲಮಿನಾಗ ಒಂದ ಅಡ್ಡಗೆರಿ ಎಳದರು.

ಬೀಜ ಸಗಣಿಯಾಗ ಒತ್ತಿ ಗ್ವಾಡಿಗೆ ಹಚ್ಚಿದ್ವಿ.
ಮನಿ ಬಿಚ್ಚೂ ದಿನ ಬಾಗಲಾ ನೆನಪಾತು, ಒಳ್ಳು ನೆನಪಾತು,
ಹಂಚು ಎಣಿಸಿ ಎಣಿಸಿ ಗಾಡಿಗೆ ಹೇರಿದ್ವಿ.
ಗ್ವಾಡಿ ನೆನಪಾಗಲಿಲ್ಲ.
ಅದಕ್ಕ ಹಾರಿ ಹಾಕಿ ಕೆಡವಿದಾಂವ ನಾನು.
ಹತ್ತೊಂಬತ್ತು ವರ್ಷದ ಹುಡುಗ, ತೋಳಿನಾಗ ಸೊಕ್ಕು,
ಒಂದ ಏಟಿಗೆ ಬಿತ್ತಂತ ನಕ್ಕಿದ್ದೆ.

ಹೊಸಾ ಊರು ಊರಲ್ಲ, ಪುನರ್ವಸತಿ ಕೇಂದ್ರ.
ಮನಿಯಲ್ಲ, ಪ್ಲಾಟು ಅರವತ್ನಾಕು.
ಗರಸು. ಗುದ್ದಲಿ ಹಾಕಿದರ ಕಿಡಿ.
ಗಿಲಾವಿಗಂತ ಒಂದ ಟ್ರ್ಯಾಕ್ಟರ ಉಸುಕು ತರಿಸಿದ್ವಿ,
ಮುಳುಗೂಕಿಂತ ಮೊದಲು ಯಾರೋ ತುಂಬಿಟ್ಟದ್ದು,
ನಮ್ಮ ಹೊಳೀದ, ನಮ್ಮ ರೊಕ್ಕ ಕೊಟ್ಟು.
ಅಜ್ಜಿ ಬಂದು ಒಂದ ಹಿಡಿ ಮೂಸಿ ನೋಡಿ
ಮಾತಾಡದ ಒಳಗ ಹೋದಳು.

ಇಟ್ಟಂಗಿಗೆ ಹೊಡದ ನೀರು ಸಿಡದಿತ್ತೇನೋ,
ಚೈತ್ರದ ಒಂದ ಮುಂಜಾನೆ
ಉಸುಕಿನ ಗುಂಪಿಯ ಬಡಗಣ ಮೈಯಾಗ ಎರಡ ಎಲಿ.
ಯಾವ ಹುಡುಗ ಉಗುಳಿದ ಬೀಜೋ,
ಯಾವ ನರಿ ತಿಂದು ಹೇತದ್ದೋ.
ರಾತ್ರೆಲ್ಲ ತಗಡ ಬಡದು ಬೈದು ಓಡಿಸಿದ್ವಿ ಆ ನರೀನ!

ಗೌಂಡಿ ದಾವಲಸಾಬ ಬುಟ್ಟಿ ಹಿಡದು ನಿಂತ.
ನಿಂತ, ಬೀಡಿ ಹಚ್ಚಿದ,
“ಈ ಕಡೀದು ಮುಟ್ಟೂದಿಲ್ಲವಾ” ಅಂದ.
ಮೂರು ಗ್ವಾಡಿ ಗಿಲಾವು ಆದವು.
ನಾಕನೇದಕ್ಕ ಉಸುಕು ಇತ್ತು, ಬಳ್ಳಿ ಅದರ ಮ್ಯಾಲೆ ಮಲಗಿತ್ತು.

ಎರಡ ಕಾಯಿ. ಒಂದು ಬೀಜಕ್ಕ.
ಒಂದನ್ನ ತುಳಜವ್ವ ಹದಿನಾರು ಹೋಳು ಮಾಡಿದಳು;
ಒಂದ ಮನಿಯವರು ಗೋವಾಕ್ಕ ದುಡಿಯಾಕ ಹೋಗಿದ್ದರು.
ಕಾಗದಕ್ಕಿಂತ ತೆಳು ಹೋಳು, ಉಪ್ಪು ಹಚ್ಚಿ,
ಯಾರೂ ಗಟ್ಟಿ ಅಗೀಲಿಲ್ಲ.

ಆಕಿ ಕೈಯಾಗ ಕಹಿ ತುದಿ ಉಳೀತು.
ಎದ್ದು ಅಂಗಳಕ್ಕ ಬಂದಳು.
ತೆಂಕಣಕ್ಕ ನೋಡಿದಳು, ನೀರಿನ ಟಾಕಿ.
ಮೂಡಣಕ್ಕ ನೋಡಿದಳು, ಡಾಂಬರು.
ಒಗಿಯಾಕ ಎತ್ತಿದ ಕೈ ಹಂಗ ಸ್ವಲ್ಪ ಹೊತ್ತು ಇತ್ತು.
ಆಮ್ಯಾಲೆ ಬಾಯಿಗೆ ಹಾಕ್ಕೊಂಡಳು,
ಹೊಳಿ ಪಾಲು,
ಕಣ್ಣು ಮುಚ್ಚದ.

ಬಡಗಣ ಗ್ವಾಡಿ ಇನ್ನೂ ಹಂಗ ಐತಿ.
ಬಂದವರು ಕೇಳ್ತಾರ, ರೊಕ್ಕ ಸಾಲಲಿಲ್ಲೇನು ಅಂತ.
ಹೂಂ ಅಂತೀನಿ.